ಹುಣ್ಣಿಮೆ ರಾತ್ರಿಯ ಯೂನಿಟ್ ಲೆಕ್ಕ

ನಾಗಪುರದಲ್ಲಿ 2014ರಿಂದ ಒಂದು ರೂಢಿಯಿದೆ. ಹುಣ್ಣಿಮೆಯ ಸಂಜೆ ಮಹಾನಗರಪಾಲಿಕೆಯವರೂ ಗ್ರೀನ್ ವಿಜಿಲ್ ಸಂಸ್ಥೆಯ ಕಾರ್ಯಕರ್ತರೂ ಊರಿನ ಯಾವುದಾದರೊಂದು ಚೌಕದಲ್ಲಿ ನಿಂತು, ಎಂಟರಿಂದ ಒಂಬತ್ತರವರೆಗೆ ಬೇಡದ ದೀಪಗಳನ್ನು ಆರಿಸಿ ಎಂದು ಅಂಗಡಿಯವರನ್ನೂ ಮನೆಯವರನ್ನೂ ಕೇಳಿಕೊಳ್ಳುತ್ತಾರೆ. ಅನಿಲ್ ಸೋಲೆ ಮೇಯರ್ ಆಗಿದ್ದಾಗ ಶುರುವಾದ ಈ ‘ಪೌರ್ಣಿಮಾ ದಿವಸ’ಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಅಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ, ಎಂಟಕ್ಕೆಲ್ಲ ಮಾಳಿಗೆಗಳ ಮೇಲೆ ಬಂದಿರುತ್ತಾನೆ. ಬೆಳಕು ಮಾತ್ರ ಅಷ್ಟಕ್ಕಷ್ಟೆ. ನೆತ್ತಿಯ ಮೇಲಿನ ಪೂರ್ಣಚಂದ್ರ ಕೊಡುವುದು ಹೆಚ್ಚೆಂದರೆ ಕಾಲು ಲಕ್ಸ್‌ನಷ್ಟು. ಒಳ್ಳೆಯ ಬೀದಿದೀಪದ ಬೆಳಕು ಅದರ ಹತ್ತಾರು ಪಟ್ಟು. ಹಾಗಾಗಿ ಚಂದ್ರ ಇಲ್ಲಿ ದೀಪಕ್ಕೆ ಬದಲಿಯಲ್ಲ, ತಿಂಗಳಿಗೊಮ್ಮೆ ಮರೆಯದೆ ಬರುವ ನೆಪ.

ನನಗೆ ಮುಖ್ಯವೆನಿಸುವುದು ಆ ಎಂಟು ಗಂಟೆ. ಸೌರವಿದ್ಯುತ್ತು ನಿಂತಿರುತ್ತದೆ; ದೀಪ, ಟಿವಿ, ಬೇಸಿಗೆಯಾದರೆ ಕೂಲರ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಕೊರತೆ ತುಂಬಲು ಊರ ಮಗ್ಗುಲಿನ ಕೋರಾಡಿಯಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯಬೇಕು. ಮಧ್ಯಾಹ್ನದ ಯೂನಿಟ್ಟೂ ರಾತ್ರಿಯ ಯೂನಿಟ್ಟೂ ಬಿಲ್ಲಿನಲ್ಲಿ ಒಂದೇ ಥರ ಕಂಡರೂ ಹುಟ್ಟುವ ಖರ್ಚು ಬೇರೆ.

ಹಳೆಯ ಮೀಟರಿಗೆ ಈ ವ್ಯತ್ಯಾಸ ತಿಳಿಯದು, ಅದು ಒಟ್ಟು ಮೊತ್ತವನ್ನಷ್ಟೇ ಕೂಡಿಸುತ್ತದೆ. ಸ್ಮಾರ್ಟ್ ಮೀಟರ್ ಯಾವ ಹೊತ್ತಿನಲ್ಲಿ ಎಷ್ಟು ಎಂದು ಬರೆದಿಡುತ್ತದೆ. ಅದರ ಆಧಾರದ ಮೇಲೆಯೇ ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣ 2025ರ ಜುಲೈಯಿಂದ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಮನೆಬಳಕೆಗೆ ಯೂನಿಟ್ಟಿಗೆ 80 ಪೈಸೆಯಿಂದ 1 ರೂಪಾಯಿವರೆಗೆ ರಿಯಾಯಿತಿ ಕೊಡುತ್ತಿದೆ. ನಾಗಪುರದ ಪ್ರತಾಪ ನಗರದ ಮನೆಯೊಂದು ನೀರಿನ ಪಂಪನ್ನೂ ವಾಷಿಂಗ್ ಮೆಷೀನನ್ನೂ ಹಗಲಿಗೆ ತಳ್ಳಿದರೆ ಲಾಭವೇ. ರಾತ್ರಿಯ ದೀಪವನ್ನು ಹಾಗೆ ಹಗಲಿಗೆ ತಳ್ಳಲಾಗದು. ಇಷ್ಟಾದರೂ ಈ ಮೀಟರ್ ಕಂಡರೆ ಜನರಿಗೆ ಅನುಮಾನ. 2024ರಲ್ಲಿ ಇಲ್ಲಿ ಪ್ರತಿಭಟನೆಗಳೇ ನಡೆದವು. ಬಿಲ್ಲು ಏರುವ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ರಿಯಾಯಿತಿಗಿಂತ ಕೆಲವೊಮ್ಮೆ ನೆರೆಮನೆಯೇ ಹೆಚ್ಚು ಕೆಲಸ ಮಾಡುತ್ತದೆ. ಅರ್ಥಶಾಸ್ತ್ರಜ್ಞ ಅನಂತ್ ಸುದರ್ಶನ್ ದೆಹಲಿ ಸೀಮೆಯ ಮನೆಗಳಿಗೆ ವಾರವಾರವೂ ‘ನಿಮ್ಮ ಬಳಕೆ ಇಷ್ಟು, ನೆರೆಯವರದು ಇಷ್ಟು’ ಎಂದು ವರದಿ ಕಳಿಸಿದರು. ಬೇಸಿಗೆಯ ಬಳಕೆ ಶೇ 7ರಷ್ಟು ಇಳಿಯಿತು. ಅದೇ ವರದಿಗೆ ಹಣದ ಆಮಿಷ ಸೇರಿಸಿದಲ್ಲಿ ಆ ಇಳಿಕೆಯೇ ಮಾಯವಾಯಿತು! 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಸ್ಮಾರ್ಟ್ ಸಿಟಿಯ ಯೋಜಕರು ಓದಬೇಕು.

ಪೌರ್ಣಿಮಾ ದಿವಸಕ್ಕೆ ಇಲ್ಲದಿರುವುದು ಇಂಥ ಕನ್ನಡಿ. ಒಂದು ಟ್ರಾನ್ಸ್‌ಫಾರ್ಮರ್ ಕೆಲವು ಬೀದಿಗಳಿಗೆ ಕರೆಂಟು ಕೊಡುತ್ತದೆ. ದೀಪ ಆರಿಸಿದ ಗಂಟೆಯಲ್ಲಿ ಅದರ ಮೂಲಕ ಆದ ಬಳಕೆಯನ್ನು ಹಿಂದಿನ ರಾತ್ರಿಯದರ ಪಕ್ಕದಲ್ಲಿ ಬರೆದು ಚೌಕದಲ್ಲಿ ತೂಗುಹಾಕಿದರೆ ಬೀದಿಯವರೇ ಲೆಕ್ಕ ನೋಡಿಕೊಳ್ಳುತ್ತಾರೆ. ಹಾಕಬೇಕಾದದ್ದು ಬೀದಿಯ ಒಟ್ಟು ಅಂಕಿ ಮಾತ್ರ. ಮನೆಮನೆಯ ಅಂಕಿ ಬಹಿರಂಗವಾದರೆ ಯಾರ ಮನೆಗೆ ಬೀಗ ಬಿದ್ದಿದೆ ಎಂಬುದೂ ಕಳ್ಳರಿಗೆ ತಿಳಿಯುತ್ತದೆ.