ಗಡಿ ದಾಟುವ ಮುನ್ನ: ಮನೆಯಲ್ಲೇ ಕಲಿತ ಮಗುವಿಗೆ ಯಾವ ರಾಜ್ಯದಲ್ಲಿ ಯಾವ ನಿಯಮ?

ಗೋಕಾಕ: ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಬಸ್ಸು ಹತ್ತಿದವರು ಒಂದು ಗಂಟೆಯೊಳಗೆ ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ಇಳಿಯುತ್ತಾರೆ. ಹಿರಣ್ಯಕೇಶಿ ನದಿ ಅತ್ತಲಿಂದ ಇತ್ತ ಹರಿದು ಬರುತ್ತದೆ. ಮದುವೆ, ಸಂತೆ, ಆಸ್ಪತ್ರೆ, ನೌಕರಿಗಳಿಗಾಗಿ ಜನ ಇತ್ತಲಿಂದ ಅತ್ತ ಹೋಗುತ್ತಾರೆ. ಗೋಕಾಕ, ಮೂಡಲಗಿ ಭಾಗದಿಂದ ಕೊಲ್ಲಾಪುರ, ಇಚಲಕರಂಜಿ, ಪುಣೆ, ಗೋವಾಗಳಿಗೆ ಮನೆ ಬದಲಿಸುವ ಕುಟುಂಬಗಳೂ ಹೊಸದೇನಲ್ಲ. ಆದರೆ ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುತ್ತಿರುವ ತಂದೆತಾಯಂದಿರಿಗೆ ಈ ಪ್ರಯಾಣ ಅಷ್ಟು ಸರಳವಲ್ಲ. ಅತ್ತ ಹೋದರೆ ಮನೆ ಶಿಕ್ಷಣಕ್ಕೆ ಅನುಮತಿ ಬೇಕೇ, ನೋಂದಣಿ ಎಲ್ಲಿ ಎಂಬುದು ಅವರ ಮೊದಲ ಪ್ರಶ್ನೆ.

ಉತ್ತರ ಚಿಕ್ಕದು. ಕರ್ನಾಟಕದಲ್ಲಾಗಲಿ, ಮಹಾರಾಷ್ಟ್ರದಲ್ಲಾಗಲಿ ಮನೆ ಶಿಕ್ಷಣಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ, ನೋಂದಣಿ ಪುಸ್ತಕವೂ ಇಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಮನೆ ಶಿಕ್ಷಣ ನಿಯಮವಿದೆ. ಪೋಷಕರು ಅವನ್ನು ಹೋಲಿಸಿ ನೋಡಿ ಊರು ಬದಲಿಸಬಹುದು. ನಮ್ಮಲ್ಲಿ ಹೋಲಿಸಬೇಕಾದುದು ಬೇರೆಯೇ. ಮನೆಯಲ್ಲಿ ಕಲಿತ ಮಗು ಎಂದಾದರೂ ಒಂದು ದಿನ ಶಾಲೆಯ, ಪರೀಕ್ಷಾ ಮಂಡಳಿಯ ಅಥವಾ ಕಾಲೇಜಿನ ಬಾಗಿಲು ತಟ್ಟಲೇಬೇಕು. ರಾಜ್ಯ ರಾಜ್ಯಗಳ ನಡುವಿನ ಅಂತರ ಕಾಣಿಸುವುದು ಆ ಬಾಗಿಲುಗಳಲ್ಲಿ.

ಕಾಯ್ದೆ ಏನನ್ನುತ್ತದೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ–2009 ದೇಶದಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದಿದ್ದವರಿಗೆ ದಂಡವನ್ನಾಗಲಿ, ಶಿಕ್ಷೆಯನ್ನಾಗಲಿ ಕಾಯ್ದೆ ವಿಧಿಸಿಲ್ಲ. ಮನೆ ಶಿಕ್ಷಣ ಎಂಬ ಮಾತೇ ಅದರಲ್ಲಿ ಬರುವುದಿಲ್ಲ. ಈ ಮೌನದ ಅರ್ಥವೇನೆಂದು ಬಾಲಕಿಯೊಬ್ಬಳು ದೆಹಲಿ ಹೈಕೋರ್ಟಿನ ಮೊರೆ ಹೋದಾಗ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಕಾಯ್ದೆ ಅಡ್ಡಿಯಲ್ಲ ಎಂದು ಕೇಂದ್ರ ಸರ್ಕಾರ 2012ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಬಳಿಕ ಆ ನಿಲುವಿನಿಂದ ಹಿಂದೆ ಸರಿಯಿತು. ಹೀಗಾಗಿ ಮನೆ ಶಿಕ್ಷಣ ನಿಷಿದ್ಧವೆಂದು ಹೇಳುವಂತಿಲ್ಲ, ಅದಕ್ಕೆ ರಕ್ಷಣೆಯಿದೆ ಎಂದೂ ಹೇಳುವಂತಿಲ್ಲ.

ಶಾಲೆಯಿಂದ ಹೊರಗುಳಿದ ಮಗು ಯಾರು ಎಂಬ ವ್ಯಾಖ್ಯೆಯಲ್ಲಿ ಮಾತ್ರ ಎರಡೂ ರಾಜ್ಯಗಳ ಲೆಕ್ಕ ಬೇರೆ. ಕರ್ನಾಟಕದಲ್ಲಿ ಹಿಂದೆ 60 ದಿನ ಗೈರುಹಾಜರಾದ ಮಗುವನ್ನು ಹೊರಗುಳಿದ ಮಗುವೆಂದು ಪರಿಗಣಿಸಲಾಗುತ್ತಿತ್ತು. 2013ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಬಳಿಕ ಅದು 7 ದಿನಕ್ಕೆ ಇಳಿಯಿತು. ಮಹಾರಾಷ್ಟ್ರದಲ್ಲಿ ಸತತ ಒಂದು ತಿಂಗಳ ಗೈರುಹಾಜರಿ ಅಳತೆಗೋಲು. ದಾಖಲಾಗಿದ್ದ ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿ ಓದಿಸಲು ಹೊರಟವರು ಇದನ್ನು ನೆನಪಿಡಬೇಕು. ಅಂಥ ಮಗು ಬೇರೆ ಶಾಲೆಗೆ ದಾಖಲಾಗದಿದ್ದರೆ ಕೇಂದ್ರದ ಯು-ಡೈಸ್ ತಂತ್ರಾಂಶದ ‘ಡ್ರಾಪ್ ಬಾಕ್ಸ್’ನಲ್ಲಿ ಉಳಿಯುತ್ತದೆ. ಶಿಕ್ಷಕರು ಮನೆಗೆ ಬಂದು ವಿಚಾರಿಸಿದರೆ ಅವರ ಮೇಲೆ ಸಿಡುಕುವುದು ತರವಲ್ಲ. ಅದು ಅವರ ಕರ್ತವ್ಯ.

ಈ ವ್ಯಾಖ್ಯೆಯನ್ನು ಬಿಗಿ ಮಾಡಿದ್ದೇಕೆ ಎಂಬುದಕ್ಕೆ ಉತ್ತರ ಇದೇ ತಾಲ್ಲೂಕುಗಳ ಕಬ್ಬಿನ ಗದ್ದೆಗಳಲ್ಲಿದೆ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಭಾಗದ ಘಟಪ್ರಭಾ ಮೊದಲಾದ ಸಕ್ಕರೆ ಕಾರ್ಖಾನೆಗಳಿರುವ ಈ ಸೀಮೆಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಮುಂತಾದ ಕಡೆಯಿಂದ ಕಟಾವಿನ ಕುಟುಂಬಗಳು ಬರುತ್ತವೆ. ತಂದೆತಾಯಿ ಗದ್ದೆಯಲ್ಲಿ, ಮಗು ಗುಡಿಸಲಿನಲ್ಲಿ. ಅಂಥ ಮಕ್ಕಳಿಗಾಗಿ ಕರ್ನಾಟಕ ಟೆಂಟ್ ಶಾಲೆಗಳನ್ನು ನಡೆಸಿದೆ. ಮಹಾರಾಷ್ಟ್ರ ವಲಸೆ ಹೋಗುವ ಮಗುವಿನ ಕೈಗೆ ಶಿಕ್ಷಣ ಹಮಿ ಕಾರ್ಡ್ ಕೊಡುತ್ತದೆ. ಮನೆಯಲ್ಲಿ ಗ್ರಂಥಾಲಯವನ್ನೇ ಇಟ್ಟುಕೊಂಡು ಓದಿಸುವ ಎಂಜಿನಿಯರರ ಮಗುವಿಗೂ ಈ ಮಗುವಿಗೂ ಸರ್ಕಾರದ ಪಟ್ಟಿಯಲ್ಲಿ ಒಂದೇ ಹೆಸರು. ಮನೆ ಶಿಕ್ಷಣಕ್ಕೆ ಮುಕ್ತ ವಿನಾಯಿತಿ ಕೊಟ್ಟರೆ ಅದರ ಮರೆಯಲ್ಲಿ ಎರಡನೆಯ ಮಗು ಲೆಕ್ಕದಿಂದಲೇ ಕಣ್ಮರೆಯಾದೀತು ಎಂಬ ಅಂಜಿಕೆ ನಿರಾಧಾರವಲ್ಲ.

ಒಂದನೇ ತರಗತಿ ಮತ್ತು ಆರನೇ ತರಗತಿ

ಒಂದನೇ ತರಗತಿಗೆ ಕರ್ನಾಟಕದಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ಆದೇಶ 2022ರದು. 2025–26ನೇ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಮಹಾರಾಷ್ಟ್ರದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ 6 ತುಂಬಿದರೆ ಸಾಕು. ಸೆಪ್ಟೆಂಬರಿನಲ್ಲಿ ಹುಟ್ಟಿದ ಮಗು ಗಡಹಿಂಗ್ಲಜದಲ್ಲಿ ಶಾಲೆ ಸೇರಬಹುದಾದ ವರ್ಷ, 6 ವರ್ಷದ ನಿಯಮದಂತೆ ಹುಕ್ಕೇರಿಯಲ್ಲಿ ಇನ್ನೂ ಕಾಯಬೇಕಾಗುತ್ತದೆ.

ನಿಜವಾದ ತೊಡಕು ಇರುವುದು ಆರನೇ ತರಗತಿಯಲ್ಲಿ. ಎಂದೂ ಶಾಲೆಗೆ ಹೋಗದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂಬುದು ಕೇಂದ್ರ ಕಾಯ್ದೆಯ 4ನೇ ಕಲಂ. ಆದರೆ ಮಹಾರಾಷ್ಟ್ರ 2023ರಲ್ಲಿ ತನ್ನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ವಯಸ್ಸಿನ ಆಧಾರದ ಪ್ರವೇಶ ಐದನೇ ತರಗತಿಯವರೆಗೆ ಮಾತ್ರ ಸಲೀಸು. ಆರರಿಂದ ಎಂಟನೇ ತರಗತಿಗೆ ಸೇರಲು ಐದನೇ ತರಗತಿಯ ವಾರ್ಷಿಕ ಪರೀಕ್ಷೆ ಪಾಸಾಗಬೇಕು. ಇಲ್ಲವಾದರೆ ಮಗುವನ್ನು ಐದಕ್ಕೇ ಸೇರಿಸಲಾಗುತ್ತದೆ. ಕರ್ನಾಟಕದಲ್ಲಿ 5, 8 ಮತ್ತು 9ನೇ ತರಗತಿಗೆ ಮಂಡಳಿ ಪರೀಕ್ಷೆ ನಡೆಸುವ ಯತ್ನ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಅಂದರೆ 12 ವರ್ಷದ ಮಗು ಮೂಡಲಗಿಯಲ್ಲಿ ತನ್ನ ವಯಸ್ಸಿನ ತರಗತಿಯನ್ನೇ ಕೇಳಬಹುದು, ಕೊಲ್ಲಾಪುರದಲ್ಲಿ ಪರೀಕ್ಷೆಗೆ ಕುಳಿತು ಅದನ್ನು ಗಳಿಸಬೇಕು. ಇಂಥ ಮಗುವಿರುವ ಮನೆಯವರು ಸಾಮಾನು ಕಟ್ಟುವ ಮೊದಲು ಅಲ್ಲಿನ ಶಾಲೆಯ ಮುಖ್ಯಾಧ್ಯಾಪಕರನ್ನು ಕಂಡು, ಪರೀಕ್ಷೆ ಯಾವ ಭಾಷೆಯಲ್ಲಿ, ಯಾವಾಗ ಎಂದು ಕೇಳಿಕೊಳ್ಳುವುದು ಲೇಸು.

ಮೊದಲು ಶಾಲೆಯಲ್ಲಿದ್ದು ಆಮೇಲೆ ಮನೆಗೆ ಬಂದ ಮಗುವಾದರೆ ವರ್ಗಾವಣೆ ಪ್ರಮಾಣಪತ್ರದ ಮಾತು ಬರುತ್ತದೆ. ರಾಜ್ಯದ ಹೊರಗೆ ಹೋಗುವವರಿಗೂ ಅದನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಎಂದು 5ನೇ ಕಲಂ ಸ್ಪಷ್ಟಪಡಿಸಿದೆ. ಹಾಗಿದ್ದರೂ ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿಕೊಂಡು ಹೋದರೆ ಅಲೆದಾಟ ತಪ್ಪುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಮೇಲಿನ ಹಂತದ ದೂರನ್ನು ಬೆಳಗಾವಿಗಲ್ಲ, ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಗೆ ಒಯ್ಯಬೇಕು.

ಹತ್ತನೇ ತರಗತಿಯ ದಾರಿಗಳು

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವ ಅವಕಾಶವಿದೆ. ಮಹಾರಾಷ್ಟ್ರದಲ್ಲಿ ಇದೇ ದಾರಿಗೆ ‘17 ನಂಬರ್ ಫಾರ್ಮ್’ ಎಂದು ಹೆಸರು. ಅಲ್ಲಿ ಅರ್ಜಿಯೊಂದಿಗೆ ಶಾಲೆ ಬಿಟ್ಟ ದಾಖಲೆಯ ಮೂಲಪ್ರತಿ ಕೇಳುತ್ತಾರೆ. ಕಳೆದಿದ್ದರೆ ನಕಲು ಪ್ರತಿ ಮತ್ತು ಪ್ರತಿಜ್ಞಾಪತ್ರ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗು ಬಿಟ್ಟ ದಾಖಲೆಯನ್ನು ಎಲ್ಲಿಂದ ತರಬೇಕು? ಈ ಫಾರ್ಮನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಓದು ನಿಲ್ಲಿಸಿದವರು, ಶಾಲೆಯನ್ನೇ ಆರಂಭಿಸದವರಲ್ಲ.

ಅಂಥವರಿಗೆ ಗಡಿಯ ಎರಡೂ ಕಡೆ ಒಂದೇ ರೀತಿ ಒದಗುವುದು ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಅದರ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಪರೀಕ್ಷೆ ವರ್ಷಕ್ಕೆರಡು ಬಾರಿ. ಪಾಸಾದ ವಿಷಯದ ಅಂಕ ಉಳಿದುಕೊಳ್ಳುತ್ತದೆ. 5 ವರ್ಷದೊಳಗೆ ಉಳಿದವನ್ನು ಮುಗಿಸಿದರಾಯಿತು. ಮಧ್ಯದಲ್ಲಿ ಊರು ಬದಲಾದರೂ ಮಂಡಳಿ ಬದಲಾಗದು. ಮಗು ಕನ್ನಡದಲ್ಲೇ ಓದಿದ್ದರೆ, ಬೇಕಾದ ವಿಷಯ ಯಾವ ಮಾಧ್ಯಮದಲ್ಲಿ ಲಭ್ಯ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.

ಭಾಷೆಯ ಮಾತು ಬಂದಾಗ ಇನ್ನೊಂದು ಸಂಗತಿ. ಕರ್ನಾಟಕದಲ್ಲಿ 2015ರ ಕಾಯ್ದೆಯಂತೆ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಮರಾಠಿ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿದ್ದು, ಮಹಾರಾಷ್ಟ್ರ ಸರ್ಕಾರದ ಬಾಲಭಾರತಿಯೇ ಅವುಗಳಿಗೆ ಕನ್ನಡ ಪಠ್ಯಪುಸ್ತಕ ಮುದ್ರಿಸುತ್ತದೆ. ಆದರೆ ಪುಣೆಗೆ ಹೋಗುವವರು ಮರಾಠಿಯ ಸಿದ್ಧತೆಯನ್ನು ಮನೆಯಲ್ಲೇ ಮಾಡಿಕೊಳ್ಳಬೇಕಾದೀತು. ಗೋವಾ ಕಡೆಗೆ ಹೊರಟವರು ಪಂಚಾಂಗವನ್ನೂ ಗಮನಿಸಬೇಕು. 2025ರಲ್ಲಿ ಅಲ್ಲಿ ಆರನೇ ತರಗತಿಯಿಂದ ಮೇಲಿನವರಿಗೆ ಏಪ್ರಿಲ್‌ನಲ್ಲೇ ಹೊಸ ಶೈಕ್ಷಣಿಕ ವರ್ಷ ಆರಂಭವಾಯಿತು.

ಏಳು ವರ್ಷದ ಲೆಕ್ಕ

ಪೋಷಕರು ಬಹುಮಟ್ಟಿಗೆ ಮರೆಯುವ, ಮರೆತರೆ ಹೆಚ್ಚು ಬೆಲೆ ತೆರುವ ವಿಷಯ ಸಿಇಟಿ. ಕರ್ನಾಟಕದ ಕೋಟಾದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಬಯಸುವವರಿಗೆ ಇರುವ ಸಾಮಾನ್ಯ ಅರ್ಹತೆಯೆಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಪಾಸು ಮಾಡಿರಬೇಕು. ಮನೆಯಲ್ಲಿ ಕಲಿತ ವರ್ಷಕ್ಕೆ ವ್ಯಾಸಂಗ ಪ್ರಮಾಣಪತ್ರ ಕೊಡುವವರಾರು? ಐದನೇ ತರಗತಿಯವರೆಗೆ ಗೋಕಾಕದ ಮನೆಯಲ್ಲಿ ಕಲಿತು, ಆರರಿಂದ ಎಂಟರವರೆಗೆ ಪುಣೆಯಲ್ಲಿದ್ದು, ಒಂಬತ್ತಕ್ಕೆ ಮರಳಿ ಬಂದ ವಿದ್ಯಾರ್ಥಿಯ ಖಾತೆಯಲ್ಲಿ ಉಳಿಯುವುದು 4 ವರ್ಷ ಮಾತ್ರ. ಹುಟ್ಟಿದ್ದು, ಬೆಳೆದದ್ದು ಇಲ್ಲಿಯೇ ಎಂಬ ವಾದ ಅಲ್ಲಿ ನಡೆಯದು.

ಇದಕ್ಕೆ ಕೆಲವು ಪರ್ಯಾಯಗಳಿವೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ವಿದ್ಯಾರ್ಥಿ ಪಿಯುಸಿಯ ಎರಡೂ ವರ್ಷ ಇಲ್ಲಿಯೇ ಓದಿ ಪಾಸಾಗಿದ್ದರೆ ಬೇರೊಂದು ಕಲಮಿನಡಿ ಅರ್ಹತೆ ಸಿಗುತ್ತದೆ. ಆದ್ದರಿಂದ ಮಗುವಿನ ಕಾಗದಗಳ ಜೊತೆಗೆ ತಮ್ಮ ಹಳೆಯ ಶಾಲೆಯ ದಾಖಲೆಗಳನ್ನೂ ಪೋಷಕರು ಈಗಲೇ ತೆಗೆಸಿಡುವುದು ಒಳಿತು. ಗಡಿನಾಡ ಕನ್ನಡಿಗರಿಗಾಗಿ ಇರುವ ಇನ್ನೊಂದು ಕಲಮಿನಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳ ಜೊತೆ ಗಡಹಿಂಗ್ಲಜ ತಾಲ್ಲೂಕಿನ ಹೆಸರೂ ಇದೆ. ಆ ಕಲಮಿನಡಿ ಬರುವವರು ಕನ್ನಡ ಭಾಷಾ ಪರೀಕ್ಷೆಗೂ ಕುಳಿತುಕೊಳ್ಳಬೇಕು. ಸಂಕೇಶ್ವರದಿಂದ ಹೊರಟವರು ಗಡಹಿಂಗ್ಲಜದಲ್ಲಿ ಇಳಿಯುತ್ತಾರೋ, ಅದೇ ಬಸ್ಸಿನಲ್ಲಿ ಮುಂದಿನ ತಾಲ್ಲೂಕಿಗೆ ಹೋಗುತ್ತಾರೋ ಎಂಬುದೂ ಈ ಲೆಕ್ಕದಲ್ಲಿ ಸೇರುತ್ತದೆ.