ಕೊಡದೊಳಗಿನ ಎಳೆ

ಕಾವೇರಿಯು ತನ್ನ ಸಹಜಗತಿಯನ್ನು ತೊರೆದು ಪಡುವಣಕ್ಕೆ ತಿರುಗುವ, 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಿದ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯ ಸೋಪಾನಗಳ ಮೇಲೆ ಕಳೆದ ಮಾರ್ಗಶಿರದ ಒಂದು ಬೆಳಗ್ಗೆ ಕುಳಿತಿದ್ದಾಗ, ಬಂಡೆಯೊಂದಕ್ಕೆ ಸುತ್ತಿಕೊಂಡಿದ್ದ ಹಸಿರು ಸೀರೆ ನನ್ನ ಕಣ್ಣಿಗೆ ಬಿದ್ದಿತು. ಅಸ್ಥಿವಿಸರ್ಜನೆಗೆ ಬಂದವರು ಮಿಂದಮೇಲೆ ಉಟ್ಟದ್ದನ್ನು ಹೊಳೆಗೇ ಬಿಡುವುದು ಅಲ್ಲಿನ ರೂಢಿ. ಆ ಸೀರೆ ನೀರಿಗೆ ಬಿದ್ದು ಎಷ್ಟು ದಿನಗಳಾಗಿದ್ದವೋ, ಅಂಚಿನ ಜರಿ ಮಾಸಿ, ಸೆರಗಿನ ನೇಯ್ಗೆ ಸಡಿಲಿ, ನೂಲುಗಳು ಪಾಚಿಯಂತೆ ಪ್ರವಾಹದಲ್ಲಿ ತೂಗುತ್ತಿದ್ದವು. ಕೈಯಿಕ್ಕಿ ಎಳೆದೆನು, ಬಟ್ಟೆ ಹರಿಯಲಿಲ್ಲ. ಕೂದಲಿಗಿಂತಲೂ ತೆಳುವಾದ ಕೆಲವು ಎಳೆಗಳು ಬೆರಳಿಗೆ ಅಂಟಿಕೊಂಡವು, ಉಳಿದವು ನೀರಿನೊಡನೆ ಹೋದವು.

ನಮ್ಮ ಹಿರಿಯರು ಹೀಗೆ ಬಟ್ಟೆ ಬಿಟ್ಟಾಗ ಅದು ಹತ್ತಿಯದಾಗಿತ್ತು. ಹತ್ತಿ ಕೆಲವೇ ತಿಂಗಳಲ್ಲಿ ಕೊಳೆತು, ಕ್ರಿಮಿಗಳಿಗೆ ಆಹಾರವಾಗಿ, ಕೆಸರಿನಲ್ಲಿ ಕೆಸರಾಗುತ್ತಿತ್ತು. ಆದುದರಿಂದ ಆ ಆಚಾರದಲ್ಲಿ ದೋಷವನ್ನು ಹುಡುಕುವುದು ನ್ಯಾಯವಲ್ಲ. ಪಾಲಿಯೆಸ್ಟರಿಗೆ ಈ ಗುಣವಿಲ್ಲ. ಬಿಸಿಲು ಅದನ್ನು ಶಿಥಿಲಗೊಳಿಸುತ್ತದೆ, ಬಂಡೆ ಉಜ್ಜುತ್ತದೆ, ಮರಳು ಅರೆಯುತ್ತದೆ. ಆದರೆ ಎಷ್ಟು ಅರೆದರೂ ಅದು ಅದೇ ಪದಾರ್ಥವಾಗಿ, ಗಾತ್ರದಲ್ಲಿ ಮಾತ್ರ ಕಿರಿದಾಗುತ್ತ, ಕಡೆಗೆ ಕಣ್ಣಿಗೆ ಅಗೋಚರವಾಗುವುದೇ ಹೊರತು ಇಲ್ಲವಾಗುವುದಿಲ್ಲ. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಅವರು ಸಮುದ್ರತೀರದ ಮರಳಿನಲ್ಲಿ ಇಂತಹ ಕಣಗಳನ್ನು ಗುರುತಿಸಿ ಬರೆದಂದಿನಿಂದ ‘ಮೈಕ್ರೊಪ್ಲಾಸ್ಟಿಕ್’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. 5 ಮಿಲಿಮೀಟರಿಗಿಂತ ಚಿಕ್ಕದಾದುದೆಲ್ಲವೂ ಆ ಹೆಸರಿಗೆ ಸಲ್ಲುತ್ತದೆ. ಹೊಳೆಗೆ ಬಟ್ಟೆ ಬಿಡದವರೂ ಇದರಿಂದ ಹೊರಗಿಲ್ಲ. ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದಂತೆ, ಯಂತ್ರದಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಒಗೆದರೆ 7 ಲಕ್ಷಕ್ಕೂ ಮಿಕ್ಕ ಎಳೆಗಳು ಬಚ್ಚಲಿನ ದಾರಿ ಹಿಡಿಯಬಲ್ಲವು.

ಬಚ್ಚಲು ಮೋರಿಗೆ, ಮೋರಿ ಹೊಳೆಗೆ. ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೇತ್ರಾವತಿಯ ನೀರು, ತಳದ ಕೆಸರು, ದಂಡೆಯ ಮಣ್ಣು, ಈ ಮೂರರಲ್ಲಿಯೂ ಪ್ಲಾಸ್ಟಿಕ್ಕಿನ ಎಳೆ, ಹಾಳೆ, ಚೂರುಗಳು ದೊರೆತವು. ಕಾವೇರಿಯ ಕಥೆಯನ್ನಂತೂ ನಾನು ಮರೆಯಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನಾಂಗ್ತೊಂಬ ಮತ್ತು ಅವರ ಸಂಗಡಿಗರು ಕೃಷ್ಣರಾಜಸಾಗರದ ಬಳಿ, ನೀರು ವೇಗವಾಗಿ ಹರಿಯುವೆಡೆ, ಮಂದವಾಗಿ ಹರಿಯುವೆಡೆ, ನಿಂತಿರುವೆಡೆ, ಹೀಗೆ ಮೂರು ಸ್ಥಳಗಳಿಂದ ನೀರು ತಂದು, ಅದರಲ್ಲಿ ಪ್ರಯೋಗಾಲಯದ ಪುಟ್ಟ ಪಟ್ಟೆಮೀನುಗಳನ್ನು ಬೆಳೆಸಿದರು. ಮಂದವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಬೆಳೆದವುಗಳ ಎಲುಬು ವಕ್ರವಾಯಿತು, ಹೃದಯ ಕೆಟ್ಟಿತು, ಸಾವು ಹೆಚ್ಚಿತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೆಯೂ ಹಾಗೆಯೇ ಆಯಿತು. ಆ ನೀರಿನಲ್ಲಿ ಮೈಕ್ರೊಪ್ಲಾಸ್ಟಿಕ್ ಇದ್ದಿತೆಂಬುದು 2022ರಲ್ಲಿ ಪ್ರಕಟವಾಯಿತು. ಮೀನಿಗಾದದ್ದು ಮನುಷ್ಯನಿಗೂ ಆಗಿಯೇ ತೀರುವುದೆಂದು ಇದರಿಂದ ಸಿದ್ಧವಾಗದು. ಆದರೆ ಅದೇ ವರ್ಷ ನೆದರ್ಲೆಂಡ್ಸಿನ ವಿಜ್ಞಾನಿಗಳು ಪರೀಕ್ಷಿಸಿದ 22 ಮಂದಿಯ ರಕ್ತದಲ್ಲಿ 17 ಮಂದಿಯದರಲ್ಲಿ ಪ್ಲಾಸ್ಟಿಕ್ಕಿನ ಅಂಶ ಕಂಡುಬಂದಿತೆಂಬುದನ್ನು ಓದಿದ ಮೇಲೆ, ಆ ಮೀನುಮರಿಗಳನ್ನು ಅನ್ಯವೆಂದು ಭಾವಿಸುವುದು ನನ್ನಿಂದಾಗದು.

ಸೀಸೆಯ ನೀರು ಶುದ್ಧವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನೆಂಟರು ಬಂದರೆ ನಲ್ಲಿಯ ನೀರನ್ನು ಕೊಡಲು ಸಂಕೋಚಪಡುವವರುಂಟು. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಅಂಗಡಿಗಳ ಸೀಸೆಯ ನೀರನ್ನು ಪರೀಕ್ಷಿಸಿದಾಗ, ಲೀಟರೊಂದಕ್ಕೆ ಸರಾಸರಿ 2 ಲಕ್ಷ 40 ಸಾವಿರ ಕಣಗಳು ಲೆಕ್ಕಕ್ಕೆ ಸಿಕ್ಕವು. ಹತ್ತರಲ್ಲಿ ಒಂಬತ್ತು ಪಾಲು ನ್ಯಾನೊ ಗಾತ್ರದವು. ಮಲಿನವಾದದ್ದನ್ನು ಬಿಟ್ಟು ನಿರ್ಮಲವಾದದ್ದನ್ನು ಕೊಂಡೆವೆಂದು ನಾವು ಸಮಾಧಾನ ತಾಳುವಾಗ, ಕೊಂಡ ಪಾತ್ರೆಯೇ ತಾನು ಹೊತ್ತ ನೀರಿಗೆ ತನ್ನನ್ನು ಬೆರೆಸುತ್ತಿರುತ್ತದೆ.

ಈ ವಿಷಯದಲ್ಲಿ ನನಗೆ ದೊರೆತ ಒಂದೇ ಸಿಹಿಸುದ್ದಿ ಒಲೆಯ ಮೇಲಿನದು. ಚೀನಾದ ಗುವಾಂಗ್‌ಜೌ ನಗರದ ಸಂಶೋಧಕರು 2024ರಲ್ಲಿ ಗಡಸು ನೀರನ್ನು ಐದು ನಿಮಿಷ ಕುದಿಸಿ ನೋಡಿದರು. ನೀರು ಕಾದಂತೆ ಅದರಲ್ಲಿ ಕರಗಿದ್ದ ಸುಣ್ಣದಂಶ ಗಟ್ಟಿಯಾಗಿ ಹೊರಬೀಳುವಾಗ, ಪ್ಲಾಸ್ಟಿಕ್ ಕಣಗಳನ್ನೂ ತನ್ನೊಳಗೆ ಹುದುಗಿಸಿಕೊಂಡು ಕೆಳಗಿಳಿಯುತ್ತದೆ. ಹೀಗೆ ನೂರಕ್ಕೆ ತೊಂಬತ್ತರವರೆಗೂ ಹೋಗಬಲ್ಲವು. ಕೋಲಾರದ ಕಡೆಯ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ, ನಮ್ಮ ಹೆಂಗಸರು ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೇಸರಪಡುವ ಬಿಳಿಯ ಪೊರೆಯೇ ಅದು! ಮೆದುನೀರಿನಲ್ಲಿ ಮಾತ್ರ ಫಲ ಕಡಿಮೆ, ಕಾಲು ಭಾಗದಷ್ಟು. ಕಾಯಿಸಿ, ಆರಿಸಿ, ತಿಳಿಯನ್ನು ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದ ಪದ್ಧತಿಗೆ ಹೀಗೊಂದು ಹೊಸ ಪ್ರಯೋಜನ ಒದಗಿದೆ.

ಆದರೂ ಹೊಳೆಯ ರೋಗವನ್ನು ಒಲೆಯಲ್ಲಿ ಗುಣಪಡಿಸಲಾಗದು. ಕರ್ನಾಟಕದಲ್ಲಿ 2016ರಲ್ಲಿಯೂ ದೇಶಕ್ಕೆಲ್ಲ 2022ರ ಜುಲೈ 1ರಿಂದಲೂ ಬಂದ ನಿಷೇಧಗಳು ಚೀಲ, ಲೋಟ, ತಟ್ಟೆ, ಹೀರುಗೊಳವೆಗಳ ಮಾತನ್ನಾಡುತ್ತವೆ, ಬಟ್ಟೆಯ ಮಾತನ್ನಾಡುವುದಿಲ್ಲ. ಸ್ನಾನಘಟ್ಟಗಳಲ್ಲಿ ಬಿಡಬೇಕಾದ ವಸ್ತ್ರವನ್ನು ದಡದಲ್ಲಿಯೇ ಒಪ್ಪಿಸಿ ಹೋಗುವ ಏರ್ಪಾಡಾಗಬೇಕು; ಕರ್ಮ ಮಾಡಿಸುವ ಪುರೋಹಿತರೇ ಹಾಗೆ ಹೇಳಿದರೆ ದುಃಖದಲ್ಲಿರುವ ಯಾವ ಮಗನೂ ಇಲ್ಲವೆನ್ನನು.

ಶ್ರೀರಂಗಪಟ್ಟಣದಿಂದ ಹಿಂದಿರುಗಿದ ದಿನ ಸಂಜೆ, ನಮ್ಮ ಅಡುಗೆಮನೆಯ ನಲ್ಲಿಯ ಬಾಯಿಗೆ ಸೋಸಲೆಂದು ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದೆನು. ಅದು ಹಳೆಯ ಪಾಲಿಯೆಸ್ಟರ್ ಸೀರೆಯ ತುಂಡು. ಅಂಚಿನಲ್ಲಿ ಅವೇ ಎಳೆಗಳು ಬಿಡಿಬಿಡಿಯಾಗಿ ನಿಂತಿದ್ದವು. ಅದರ ಕೆಳಗೇ ಕುಡಿಯುವ ನೀರಿನ ಕೊಡ. ಮನೆಯನ್ನೆಲ್ಲ ಹುಡುಕಿದರೂ ಅಪ್ಪಟ ಹತ್ತಿಯ ಹಳೆಯ ಬಟ್ಟೆ ಒಂದೇ ದೊರೆಯಿತು, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ನಮ್ಮ ತಂದೆಯವರ ಪಂಚೆ. ಹೆಂಡತಿ ಒಂದು ತುದಿಯನ್ನು ಹಿಡಿದಳು, ನಾನು ಇನ್ನೊಂದನ್ನು. ಎಳೆದೊಡನೆ ಅದು ಹರಿಯಿತು.