ರಾಗಿ ಉಂಡೆಗೆ ಸೋತ ಬಿಳಿಮೀನು

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ರೈತನಿಗೆ ರಾಗಿಯ ಉಪಯೋಗವನ್ನು ಯಾರೂ ಹೇಳಿಕೊಡಬೇಕಿಲ್ಲ. ಮುದ್ದೆಯಾಯಿತು, ರೊಟ್ಟಿಯಾಯಿತು, ಅಂಬಲಿಯಾಯಿತು, ಹುಲ್ಲು ದನಕ್ಕಾಯಿತು. ಆದರೆ ಇದೇ ರಾಗಿ ಹಿಟ್ಟನ್ನು ಉಂಡೆ ಕಟ್ಟಿ, ಬೇಯಿಸಿ, ಕೊಕ್ಕೆಗೆ ಸಿಕ್ಕಿಸಿ ನೀರಿಗೆ ಎಸೆಯುವುದಕ್ಕೆಂದೇ ಇಂಗ್ಲೆಂಡಿನಿಂದ ಜನ ವಿಮಾನ ಹತ್ತಿ ಬರುತ್ತಿದ್ದರು ಎಂದರೆ ಆತ ನಕ್ಕಾನು. ಅದು ನಡೆದದ್ದು ಬಹಳ ದೂರದಲ್ಲೇನೂ ಅಲ್ಲ. ತುಮಕೂರಿನ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ತುಸು ತಂಗಿ, ಮದ್ದೂರು, ಮಳವಳ್ಳಿ ಹಾದು, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದಾಚೆ ಮೇಕೆದಾಟಿನ ತನಕ ಕಾವೇರಿಯದು ಕಾಡಿನೊಳಗಿನ ಹರಿವು. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಎಂಬ ಈ ಹರಿವಿನ ಹೆಸರುಗಳು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಲಂಡನ್ನಿನ ಗಾಳಗಾರರಿಗೆ ಗೊತ್ತಿತ್ತು.

ಅವರನ್ನು ಸೆಳೆದದ್ದು ಮಹಶೀರ್. ನಮ್ಮವರ ಬಾಯಲ್ಲಿ ಬಿಳಿಮೀನು. ಹೆಂಚಿನಂಥ ದೊಡ್ಡ ಹುರುಪೆ, ದಪ್ಪ ತುಟಿ. ಬಾಯೊಳಗೆ ಹಲ್ಲಿಲ್ಲ, ಇರುವುದೆಲ್ಲ ಗಂಟಲಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲೇ ಪುಡಿಮಾಡಿ ನುಂಗುತ್ತದೆ. ಕಬ್ಬಿಣದ ಕೊಕ್ಕೆಯನ್ನೂ ಅದು ಅಪ್ಪಚ್ಚಿ ಮಾಡಿದ್ದುಂಟು. ಮದರಾಸು ಪ್ರಾಂತ್ಯದ ಅಧಿಕಾರಿ ಎಚ್.ಎಸ್. ಥಾಮಸ್ 1873ರಲ್ಲೇ ಭಾರತದ ಗಾಳದ ಬೇಟೆಯ ಬಗ್ಗೆ ಪುಸ್ತಕ ಬರೆದು ಈ ಮೀನನ್ನು ಮೆರೆಸಿದ. ಮೈಸೂರಿನಲ್ಲಿ ಸತ್ತ ಹುಲಿ, ಚಿರತೆಗಳನ್ನು ಜೀವ ಬಂದಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನ ಮೀನು. ಎಂದರೆ ಸುಮಾರು 54 ಕಿಲೊ, ಒಬ್ಬ ಆಳಿನ ತೂಕ.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೊರಟುಹೋದರು. ಮಡುಗಳಿಗೆ ಸಿಡಿಮದ್ದು ಎಸೆಯುವವರು ಹೆಚ್ಚಿದರು. ಒಂದು ಸಿಡಿತಕ್ಕೆ ಹಿರಿದು ಕಿರಿದೆನ್ನದೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡ ಮಹಶೀರ್ ಮುಗಿದೇ ಹೋಯಿತೆಂದು ಹೊರಗಿನವರು ಭಾವಿಸಿದ್ದಾಗ, 1977-78ರಲ್ಲಿ ಮೂವರು ಇಂಗ್ಲಿಷ್ ಯುವಕರು ಗಾಳ ಹೊತ್ತು ಬಂದು ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದು ತೋರಿಸಿದರು. ಸುದ್ದಿ ಸಮುದ್ರ ದಾಟಿತು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದು ಕಾವಲು ಹಾಕಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ದಡದಲ್ಲಿ ಶಿಬಿರಗಳನ್ನು ತೆರೆಯಿತು.

ಮೊದಲ ಸಲ ಬಂದ ಅತಿಥಿಯ ಬಳಿ ಏನಿರುತ್ತಿರಲಿಲ್ಲ? ಉದ್ದನೆಯ ಕೋಲು, ಹಿತ್ತಾಳೆಯಂತೆ ಹೊಳೆಯುವ ರೀಲು, ಹಗ್ಗದಷ್ಟು ಗಟ್ಟಿ ದಾರ, ಹತ್ತಾರು ಜೇಬುಗಳ ಅಂಗಿ. ಗೊತ್ತಿಲ್ಲದ್ದು ಒಂದೇ: ಹೊಳೆ. ಅದು ಗೊತ್ತಿದ್ದವನು ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿರುತ್ತಿದ್ದ ಹಳ್ಳಿಯ ಮಾರ್ಗದರ್ಶಿ. ಶಿಬಿರದ ಭಾಷೆಯಲ್ಲಿ ಅವನು ‘ಗಿಲ್ಲಿ’. ಅದು ಸ್ಕಾಟ್ಲೆಂಡಿನಿಂದ ಬಂದ ಪದ. ನಮ್ಮ ಗಿಲ್ಲಿದಾಂಡಿಗೂ ಅದಕ್ಕೂ ನಂಟಿಲ್ಲ.

ದಿನ ಶುರುವಾಗುತ್ತಿದ್ದುದು ಒಲೆಯ ಮುಂದೆ. ರಾಗಿ ಹಿಟ್ಟಿಗೆ ಮಸಾಲೆ ಬೆರೆಸಿ, ಗಟ್ಟಿಯಾಗಿ ನಾದಿ, ಉಂಡೆ ಮಾಡಿ ನೀರಲ್ಲಿ ಬೇಯಿಸಬೇಕು. ಯಾವ ಮಸಾಲೆ, ಎಷ್ಟು ಎಂಬುದು ಒಬ್ಬೊಬ್ಬನ ಗುಟ್ಟು. ಹಸಿ ಉಂಡೆಯಾದರೆ ಸಣ್ಣ ಮೀನುಗಳು ಕಚ್ಚಿ ಕಚ್ಚಿ ಖಾಲಿ ಮಾಡುತ್ತವೆ, ಬೆಂದು ರಬ್ಬರಿನಂತಾದರೆ ದೊಡ್ಡದು ಬರುವ ತನಕ ಕೊಕ್ಕೆಯಲ್ಲಿ ಉಳಿಯುತ್ತದೆ. ಗಾತ್ರ ನಿಂಬೆಹಣ್ಣಿನದಿರಬಹುದು, ದೊಡ್ಡ ಮೀನಿನ ಮಡುವಾದರೆ ಅದಕ್ಕೂ ಮಿಗಿಲು. ರಾಗಿ ಬೇಡವೆಂದ ದಿನ ಏಡಿ. ಆಮೇಲೆ ಹರಿಗೋಲು. ಯಾವ ಬಂಡೆಯ ಹಿಂದೆ ನೀರು ಸುಳಿಯುತ್ತದೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದಾರೆಯೇ, ದಡದ ಮರಳ ಮೇಲೆ ಮಲಗಿದ ಮೊಸಳೆ ಎತ್ತ ಹೊರಳುತ್ತದೆ, ಆಚೆ ದಡಕ್ಕೆ ನೀರು ಕುಡಿಯಲು ಬಂದ ಆನೆಗಳು ಮರಳುವುದು ಯಾವ ಹೊತ್ತಿಗೆ, ಎಲ್ಲವೂ ಅವನ ಲೆಕ್ಕ.

ಉಂಡೆಯನ್ನು ಬಂಡೆಗಳ ನಡುವೆ ಇಳಿಬಿಟ್ಟ ಮೇಲೆ ಕಾಯುವುದು. ಇಲ್ಲಿಯೇ ಹೊಸಬರು ಸೋಲುತ್ತಿದ್ದರು. ದಾರ ಒಮ್ಮೆ ತುಸು ನಡುಗುತ್ತದೆ, ಅದು ಚಿಲ್ಲರೆ ಮೀನು; ಆಗ ಎಳೆದರೆ ಕೆಟ್ಟಿತು. ಮಹಶೀರ್ ಬಂದರೆ ಕೇಳುವುದೇ ಬೇಡ, ಕೋಲು ಕೈಯಿಂದ ಹಾರುವಂತೆ ಜಗ್ಗಿ ರೀಲು ಕಿರುಚತೊಡಗುತ್ತದೆ. ಮೀನು ನೆಟ್ಟಗೆ ರಭಸದ ಹರಿವಿಗೆ ಇಳಿದು ಬಂಡೆಯ ಸಂದಿಗೆ ನುಗ್ಗುತ್ತದೆ. ದಾರ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಅತಿಥಿ ಕಂಗೆಟ್ಟು ನಿಂತಾಗ ಗಿಲ್ಲಿ ಹರಿಗೋಲನ್ನು ಆ ಸುಳಿಗೇ ಹುಟ್ಟು ಹಾಕಿ ಒಯ್ದು, ದಾರವನ್ನು ಕೈಯಲ್ಲಿ ಹಿಡಿದು ಬಿಡಿಸುತ್ತಿದ್ದ. ಕೋಲು ಹಿಡಿದದ್ದು ಸಾಹೇಬ, ಮೀನು ಹಿಡಿದದ್ದು ಯಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ದಡದ ತಗ್ಗು ನೀರಲ್ಲಿ ಮೀನನ್ನು ತೂಗಿ, ಫೋಟೊ ತೆಗೆದು, ಅದು ಸುಧಾರಿಸಿಕೊಳ್ಳುವ ತನಕ ನೀರಲ್ಲೇ ಹಿಡಿದಿದ್ದು ಬಿಟ್ಟುಬಿಡುವುದು ಶಿಬಿರದ ಕಟ್ಟಳೆ. ತೂಕ, ಜಾಗ, ಹೊತ್ತು ಎಲ್ಲ ಪುಸ್ತಕಕ್ಕೆ.

ಹೊಸಬನನ್ನು ನೀರಿಗೆ ಕರೆದೊಯ್ಯುವವನ ಹೊಣೆ ಎಲ್ಲಿ ಹೋದರೂ ಇಂಥದೇ. ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಹೆಪ್ಪಿಗೆ ತೂತು ಕೊರೆದು ಗಾಳ ಬಿಡುವುದು ಅಲ್ಲಿಯ ಮೋಜು. ಮನುಷ್ಯ ಓಡಾಡಲು ಹೆಪ್ಪು ಕನಿಷ್ಠ 4 ಅಂಗುಲವಾದರೂ ಗಟ್ಟಿಯಿರಬೇಕೆಂದು ಅಲ್ಲಿಯ ಸರ್ಕಾರ ಎಚ್ಚರಿಸುತ್ತದೆ. ಬೆಚ್ಚನೆಯ ನಾಡಿನಿಂದ ಬಂದ ನೆಂಟನಿಗೆ ಅದು ಬರಿ ಬಿಳಿ ಬಯಲು. ಅವನ ಜೀವ ಕರೆದೊಯ್ದವನ ಕೈಯಲ್ಲಿ. ಕಾವೇರಿಯಲ್ಲಿ ಹೆಪ್ಪಿನ ಜಾಗದಲ್ಲಿ ಸುಳಿ, ಅಷ್ಟೆ ವ್ಯತ್ಯಾಸ.

ವಿಶೇಷವೆಂದರೆ, ಈ ಗಿಲ್ಲಿಗಳಲ್ಲಿ, ಕಾವಲುಗಾರರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಸತ್ತ ಮೀನು ಒಂದು ಸಂತೆಯ ದುಡ್ಡು. ಬದುಕಿದ ಮೀನು ವರ್ಷವರ್ಷವೂ ಅತಿಥಿಗಳನ್ನು ಕರೆತರುತ್ತದೆ. ಈ ಲೆಕ್ಕ ಮನೆಗೆ ಸಂಬಳ ತಂದಾಗ ಸಿಡಿಮದ್ದು ಎಸೆಯುವವರನ್ನು ಅವರೇ ಓಡಿಸಿದರು. ಆದರೆ ಈ ಹರಿವು 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದಲ್ಲಿ ಗಾಳ ಹಾಕುವುದು 1972ರ ಕಾನೂನಿನ ಪ್ರಕಾರ ಬೇಟೆಯಲ್ಲವೇ ಎಂಬ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಗಾಳಗಳು ನಿಂತವು. ಕೊಕ್ಕೆ ಚುಚ್ಚಿ ಬಿಡುವುದೂ ಹಿಂಸೆಯೇ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಾಗೆಂದು ದಡದಲ್ಲಿ ಹಗಲಿರುಳು ಇರುತ್ತಿದ್ದ ಕಣ್ಣುಗಳು ಕಡಿಮೆಯಾದರೆ ಮಡು ಕಾಯುವವರು ಯಾರು ಎಂಬ ಮಾತೂ ಪೊಳ್ಳಲ್ಲ.

ಗಾಳ ನಿಂತ ಮೇಲೆ ಆ ಪುಸ್ತಕಗಳು ಮಾತಾಡಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಲೆಕ್ಕ ಹಾಕಿದರು. ಹಿಡಿದು ಬಿಟ್ಟ ಮಹಶೀರ್ 6161. ಸಂಖ್ಯೆ ವರ್ಷ ಕಳೆದಂತೆ ಏರಿತ್ತು. ಕಾವಲು ಫಲಿಸಿತೆಂದು ಹಿಗ್ಗುವಂತಿತ್ತು. ಆದರೆ ಮೀನುಗಳನ್ನು ಜಾತಿವಾರು ಬೇರ್ಪಡಿಸಿ ನೋಡಿದಾಗ ಬೇರೆಯೇ ಕಂಡಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದಲ್ಲ, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಹೊಳೆ ತುಂಬಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ತಂದು ಬಿಟ್ಟದ್ದು. ದೊರೆಗಳ ಕಾಲದಿಂದ ಹೆಸರಾಗಿದ್ದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಕಾವೇರಿಯ ಸ್ವಂತ ಮೀನು ಆ ಪುಟಗಳಲ್ಲಿ ಅಪರೂಪವಾಗುತ್ತ ಬಂದಿತ್ತು. ಸಾವಿರಾರು ಮೀನು ತೂಗಿದ ಸಂಭ್ರಮದಲ್ಲಿ ಅದರ ಇಳಿತ ಬೇಗ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನೂ ಸೋಜಿಗವೆಂದರೆ, ಜಗತ್ತೆಲ್ಲ ಹೆಸರಾಗಿದ್ದ ಈ ಮೀನಿಗೆ ಅಷ್ಟು ಕಾಲ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಕೊಟ್ಟಿದ್ದ ‘ಟಾರ್ ರಮಾದೇವಿ’ ಎಂಬ ಹೆಸರೇ ಇದರದೂ ಎಂದು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀರಾ ಅಳಿವಿನಂಚಿನ ಜೀವಿಗಳ ಸಾಲಿಗೆ ಅದು ಸೇರಿತು. ಹೆಸರು ಸಿಕ್ಕಿದ್ದೂ ಅಳಿವಿನ ಚೀಟಿ ಸಿಕ್ಕಿದ್ದೂ ಒಟ್ಟಿಗೇ.

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳು ಈಗ ಪ್ರಕೃತಿ ಶಿಬಿರಗಳು. ಬಂದವರು ಹರಿಗೋಲಿನಲ್ಲಿ ಕುಳಿತು ಮೊಸಳೆ, ನೀರುನಾಯಿ, ಹಕ್ಕಿಗಳನ್ನು ನೋಡುತ್ತಾರೆ. ಗೂನುಬೆನ್ನಿನ ಮೀನನ್ನು ವಿಜ್ಞಾನಿಗಳು ಹುಡುಕಿಕೊಂಡು ಹೋದದ್ದು ನೀಲಗಿರಿಯ ತಪ್ಪಲಿನ ಮೊಯಾರ್ ಹೊಳೆಗೆ. ಅಲ್ಲಿ ಅದು ಇನ್ನೂ ಉಳಿದಿದೆ.